ಎರಡು ಕಿಲೋಮೀಟರ್ ಆಳದಲ್ಲಿ ಬಿಟ್ಟು ಬಂದಿದ್ದು

2025ರ ಆಗಸ್ಟ್ ಕೊನೇಲಿ ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೋಗೋ ಟ್ರೈನಲ್ಲಿ ಕೂತಿದ್ದೆ, ಕೋರಮಂಡಲ್ ದಾಟಿ ಊರ್ಗಾಂ ಬರೋದ್ರಲ್ಲಿತ್ತು, ಕಿಟಕಿ ಆಚೆ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ಗುಡ್ಡಗಳು ಕಾಣೋಕೆ ಶುರುವಾಗಿದ್ವು. ಫೋನ್ ತೆಗೆದು ನೋಡಿದ್ರೆ ಒಂದು ನ್ಯೂಸ್. ಚೀನಾದವರು ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ನೆಲದಡಿ ಕಟ್ಟಿದ ಜೂನೋ ಅನ್ನೋ ನ್ಯೂಟ್ರಿನೋ ಡಿಟೆಕ್ಟರು, ಅಂದ್ರೆ ನ್ಯೂಟ್ರಿನೋ ಅನ್ನೋ ಕಣ ಹಿಡಿಯೋ ಯಂತ್ರ, 2025ರ ಆಗಸ್ಟ್ 26ಕ್ಕೆ ಡೇಟಾ ತಗೊಳ್ಳೋಕೆ ಶುರು ಮಾಡಿದೆ ಅಂತ. 35 ಮೀಟರ್ ಅಡ್ಡಗಲದ ಅಕ್ರಿಲಿಕ್ ಗೋಳ, ಅದರೊಳಗೆ 20,000 ಟನ್ ದ್ರವ. ಓದಿ ಮುಗಿಸಿ ತಲೆ ಎತ್ತೋ ಹೊತ್ತಿಗೆ ಚಾಂಪಿಯನ್ ಸ್ಟೇಷನ್ ಬಂತು. ಇಳಿದೆ. ನಿಂತ ಜಾಗದಲ್ಲೇ ಒಂದು ಥರ ಹೊಟ್ಟೆ ಉರೀತು ನಂಗೆ, ಯಾಕಂದ್ರೆ ಅರವತ್ತು ವರ್ಷದ ಹಿಂದೆ ನ್ಯೂಟ್ರಿನೋ ಹಿಡಿಯೋಕೆ ಅಂತ ಜನ ನೆಲದೊಳಗೆ ಇಳಿದಿದ್ದು ನಾನು ನಿಂತಿದ್ದ ಆ ಊರಲ್ಲೇ, ಕೋಲಾರದ ಚಿನ್ನದ ಗಣಿ ಊರು ಕೆಜಿಎಫ್‌ನಲ್ಲೇ.

ನಮ್ಮ ದೊಡ್ಡಪ್ಪ ಗಣಿಲಿ ಎಲೆಕ್ಟ್ರಿಷಿಯನ್ ಆಗಿದ್ರು, ಈಗ ಎಪ್ಪತ್ತೆಂಟು ವಯಸ್ಸು, ಆಂಡರ್ಸನ್‌ಪೇಟೆಲಿ ಇದ್ದಾರೆ. ನಾನು ಚಿಕ್ಕೋಳಿದ್ದಾಗ ರಜಕ್ಕೆ ಹೋದ್ರೆ ರಾತ್ರಿ ಊಟ ಆದ್ಮೇಲೆ ಅವರು ಹೇಳ್ತಿದ್ದ ಕಥೆಗಳಲ್ಲಿ ಚಿನ್ನದ ಮಾತು ಕಮ್ಮಿ, ಒತ್ತಡಕ್ಕೆ ಬಂಡೆ ಸಿಡಿಯೋ ರಾಕ್‌ಬರ್ಸ್ಟ್ ಮಾತು ಜಾಸ್ತಿ, ಆಮೇಲೆ "ಬಾಂಬೆಯವರ ರೂಮು" ಅಂತ ಒಂದು ಬರ್ತಿತ್ತು. ಕೇಜಲ್ಲಿ, ಅಂದ್ರೆ ಗಣಿ ಲಿಫ್ಟಲ್ಲಿ ಇಳಿದು, ಇನ್ನೊಂದು ಶಾಫ್ಟ್ ಹಿಡಿದು ಮತ್ತೆ ಇಳಿದು, ಸೆಕೆಲಿ ಬೆವರು ಒರೆಸ್ಕೊಂಡು ನಡೆದು ಹೋದ್ರೆ ಅಲ್ಲಿ ಒಂದು ರೂಮು, ಒಳಗೆ ಟ್ಯೂಬುಗಳು, ವೈರುಗಳು, ಕ್ಯಾಮೆರಾ, ಕನ್ನಡಕ ಹಾಕ್ಕೊಂಡ ಹುಡುಗ್ರು ಟಾರ್ಚ್ ಹಿಡ್ಕೊಂಡು ನೋಟ್‌ಬುಕ್ಕಲ್ಲಿ ಏನೋ ಬರ್ಕೋತಿದ್ರು. "ಏನ್ ಸಾರ್ ಹುಡುಕ್ತೀರಾ ಇಲ್ಲಿ" ಅಂದ್ರೆ "ಆಕಾಶದಿಂದ ಬರೋದನ್ನ" ಅಂದ್ರಂತೆ. ಇದನ್ನ ಹೇಳುವಾಗೆಲ್ಲ ದೊಡ್ಡಪ್ಪ ಒಂದ್ ಕ್ಷಣ ನಿಲ್ಲಿಸ್ತಿದ್ರು. ಆಕಾಶದ್ದನ್ನ ಹುಡುಕೋಕೆ ಪಾತಾಳಕ್ಕೆ ಬರೋದಾ ಅಂತ ಅವರಿಗೆ ಆಗ ಆಗಿದ್ದ ಆಶ್ಚರ್ಯ ಇನ್ನೂ ಹೋಗಿಲ್ಲ.

ಆಳಕ್ಕೆ ಯಾಕೆ ಹೋಗ್ಬೇಕು ಅಂದ್ರೆ, ನ್ಯೂಟ್ರಿನೋ ಅನ್ನೋದು ಯಾವುದಕ್ಕೂ ತಾಗದೆ ಹೋಗೋ ಕಣ, ಈ ಸಾಲು ಓದ್ತಿರೋವಾಗಲೇ ನಿಮ್ಮ ಮೈಯೊಳಗಿಂದ ಲಕ್ಷ ಕೋಟಿಗಟ್ಟಲೆ ದಾಟಿ ಹೋಗಿರ್ತವೆ, ಗೊತ್ತೇ ಆಗಲ್ಲ. ಎಲ್ಲೋ ಅಪರೂಪಕ್ಕೆ ಒಂದು ಬಂಡೆಗೆ ಡಿಕ್ಕಿ ಹೊಡೆಯುತ್ತೆ, ಆಗ ಮ್ಯೂಆನ್ ಅನ್ನೋ ಇನ್ನೊಂದು ಕಣ ಹುಟ್ಟುತ್ತೆ, ಅದು ಡಿಟೆಕ್ಟರಲ್ಲಿ ಕಾಣುತ್ತೆ. ತೊಂದರೆ ಏನಂದ್ರೆ ನೆಲದ ಮೇಲೆ ಬೇರೆ ಮ್ಯೂಆನುಗಳು ಆಕಾಶದಿಂದ ಮಳೆ ಥರ ಸುರೀತಾನೇ ಇರ್ತವೆ. ಆ ಮಳೆ ನಿಲ್ಲೋ ಜಾಗ ಬೇಕು, ಅಂದ್ರೆ ತಲೆ ಮೇಲೆ ಕಿಲೋಮೀಟರ್‌ಗಟ್ಟಲೆ ಬಂಡೆ ಬೇಕು. ಚಾಂಪಿಯನ್ ರೀಫ್ ಆಗ ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದು, 3 ಕಿಲೋಮೀಟರಿಗೂ ಕೆಳಗೆ ಹೋಗಿತ್ತು.

ಹೋಮಿ ಭಾಭಾ ಅವರ ಮಾತಿನ ಮೇಲೆ 1950ರ ದಶಕದ ಶುರುವಿನಲ್ಲೇ ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದ್ರೆ ಟಿಐಎಫ್‌ಆರ್‌ನಿಂದ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಇಲ್ಲಿಗೆ ಬಂದ್ರು. ನಂಜನಗೂಡಲ್ಲಿ ಹುಟ್ಟಿದೋರು ಅವರು. ಬೇರೆ ಬೇರೆ ಆಳದಲ್ಲಿ ಉಪಕರಣ ಇಟ್ಟು ಮ್ಯೂಆನ್ ಎಷ್ಟೆಷ್ಟು ಕಮ್ಮಿ ಆಗುತ್ತೆ ಅಂತ ಅಳೀತಾ ಹೋದ ಕೆಲಸ ಅದು, ಆಮೇಲೆ ಅದನ್ನ ಬೇರೆಯವರೂ ಮುಂದುವರಿಸಿದ್ರು. ಸುಮಾರು ಎರಡೂ ಮುಕ್ಕಾಲು ಕಿಲೋಮೀಟರ್ ಆಳಕ್ಕೆ ಹೋದಾಗ ಎರಡು ತಿಂಗಳು ಕಾದ್ರೂ ಒಂದೇ ಒಂದು ಮ್ಯೂಆನ್ ಬರ್ಲಿಲ್ಲ. ಬೇರೆ ಎಲ್ಲಾದ್ರೂ ಆಗಿದ್ರೆ ಎರಡು ತಿಂಗಳ ಖರ್ಚಿಗೆ ಸೊನ್ನೆ ರಿಸಲ್ಟು ಅಂತ ಫೈಲ್ ಮುಚ್ಚಿಬಿಡ್ತಿದ್ರೇನೋ. ಇವರು ಆ ಸೊನ್ನೆ ನೋಡಿ ಕುಣಿದಾಡಿರಬೇಕು, ಯಾಕಂದ್ರೆ ಆ ಸೊನ್ನೆ ಅಂದ್ರೆ ಇಲ್ಲಿ ಪೂರ್ತಿ ನಿಶ್ಶಬ್ದ ಇದೆ, ನ್ಯೂಟ್ರಿನೋ ಇಲ್ಲಿ ಪಿಸುಗುಟ್ಟಿದ್ರೂ ಕೇಳ್ಸುತ್ತೆ ಅಂತ.

ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ಯೂನಿವರ್ಸಿಟಿ, ಇಂಗ್ಲೆಂಡಿನ ಡರ್ಹಾಮ್ ಯೂನಿವರ್ಸಿಟಿ ಮೂರೂ ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಗೋಡೆ ಥರ ಡಿಟೆಕ್ಟರ್ ನಿಲ್ಲಿಸಿದ್ರು. ಮೇಲಿಂದ ಬರೋದನ್ನಲ್ಲ, ಪಕ್ಕದಿಂದ ಬರೋದನ್ನ ಹಿಡಿಯೋಕೆ. ಅಷ್ಟು ಆಳದಲ್ಲಿ ಅಡ್ಡಡ್ಡ ಬರೋ ಮ್ಯೂಆನ್ ನ್ಯೂಟ್ರಿನೋದಿಂದಲೇ ಹುಟ್ಟಿರಬೇಕು, ಬೇರೆ ದಾರಿ ಇಲ್ಲ. 1965ರಲ್ಲಿ ಸಿಕ್ತು. ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಲಿ ಫ್ರೆಡರಿಕ್ ರೈನ್ಸ್ ಅವರ ತಂಡಕ್ಕೆ ಮೊದಲ ಸಿಗ್ನಲ್ ಸ್ವಲ್ಪ ಮುಂಚೆನೇ ಸಿಕ್ಕಿತ್ತು, ಆದ್ರೆ ನಮ್ಮವರ ಪೇಪರು ಒಂದು ವಿಜ್ಞಾನ ಪತ್ರಿಕೆಯ 1965ರ ಆಗಸ್ಟ್ 15ರ ಸಂಚಿಕೆಲಿ ಬಂತು, ಅವರದ್ದು ಅದಾದ ಎರಡು ವಾರಕ್ಕೆ. ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋನ ಮನುಷ್ಯರು ಮೊದಲ ಸಲ ಕಂಡಿದ್ದು ಈ ಎರಡು ಗಣಿಗಳಲ್ಲಿ. ಕೋಲಾರ ಜಿಲ್ಲೆ ಸ್ಕೂಲಲ್ಲಿ ಹತ್ತು ವರ್ಷ ಓದಿದೀನಿ, ಇದನ್ನ ಒಬ್ಬ ಮೇಷ್ಟ್ರೂ ಹೇಳ್ಲಿಲ್ಲ, ದೊಡ್ಡಪ್ಪ ಇಲ್ದಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ.

ಈಗ ಬೆಂಗಳೂರಲ್ಲಿ ನಾನು ಕೆಲಸ ಮಾಡೋ ಕಡೆ ಒಂದು ಮಾತು ಪದೇ ಪದೇ ಕೇಳ್ತೀನಿ. ಸರ್ಕಾರ ದುಡ್ಡು ಹಾಕೋದೇ ತಪ್ಪು, ಸರ್ಕಾರಿ ದುಡ್ಡು ಬಂದ ಕಡೆ ಹುಮ್ಮಸ್ಸು ಸಾಯುತ್ತೆ, ಎಲ್ಲಾ ಪ್ರೈವೇಟಿಗೆ ಬಿಡಿ ಅಂತ. ಬುದ್ಧಿವಂತರೇ ಹೇಳೋದು ಇದನ್ನ, ಕೆಟ್ಟ ಉದ್ದೇಶದಿಂದ ಅಲ್ಲ. ಆದ್ರೆ ನಂಗೆ ಒಪ್ಪೋಕಾಗಲ್ಲ. ನ್ಯೂಟ್ರಿನೋ ಹಿಡಿದು ಯಾವ ಕಂಪನಿ ಏನು ಮಾರುತ್ತೆ? 1965ರಲ್ಲಿ ಆ ಗಣಿನೂ ಸರ್ಕಾರದ್ದೇ, ಮೇಲಿಂದ ಇಳಿದು ಬಂದ ವಿಜ್ಞಾನಿಗಳ ಸಂಬಳನೂ ಸರ್ಕಾರದ್ದೇ. ದೇಶ ಬಡವಾಗಿತ್ತು, ಪಕ್ಕದ ದೇಶದ ಜೊತೆ ಯುದ್ಧ ನಡೀತಿದ್ದ ವರ್ಷ, ಅಕ್ಕಿ ಗೋಧಿಗೆ ಕ್ಯೂ ನಿಲ್ತಿದ್ದ ಕಾಲ, ಅಂಥದ್ರಲ್ಲೂ ಯಾರೋ ಒಬ್ಬರು ಸೈನ್ ಹಾಕಿದ್ರು, ದುಡ್ಡು ಬಂತು, ಕೇಜ್ ಇಳೀತು. ಖರ್ಚು ಜಾಸ್ತಿ ಆಗಿ ಕೆಟ್ಟೋಯ್ತು ಅನ್ನೋದಕ್ಕೆ ನಾವು ಖರ್ಚೇ ಮಾಡ್ತಿಲ್ಲ, ಸಂಶೋಧನೆಗೆ ಅಂತ ಸರ್ಕಾರ, ಕಂಪನಿ ಎಲ್ಲಾ ಸೇರಿ ದೇಶ ಹಾಕೋದು ಜಿಡಿಪಿಯಲ್ಲಿ 0.64 ಪರ್ಸೆಂಟು, ಇದು 2020-21ರ ಲೆಕ್ಕ. ಹಂಗಾಗಿ ದುಡ್ಡಿನ ಮೇಲೆ ಗೂಬೆ ಕೂರಿಸೋದು ನಂಗೆ ಸರಿ ಅನ್ಸಲ್ಲ. ಕೊಟ್ಟ ದುಡ್ಡು ಯಾವ ದಾರಿ ಹಿಡಿದು ಬರುತ್ತೆ, ಆ ದಾರಿಲಿ ಎಷ್ಟು ಗೇಟುಗಳಿವೆ, ಪ್ರತಿ ಗೇಟಲ್ಲೂ ನಿಂತೋನಿಗೆ ಗೇಟು ತೆಗೆಯದೇ ಇದ್ರೆ ಏನಾದ್ರೂ ಆಗುತ್ತಾ ಅನ್ನೋದು ನನ್ನ ಪ್ರಶ್ನೆ.

ಕೆಜಿಎಫ್ ಕಥೆ 65ಕ್ಕೆ ನಿಲ್ಲಲ್ಲ. 1980ರಲ್ಲಿ ಅದೇ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ಕಬ್ಬಿಣದ ಡಿಟೆಕ್ಟರ್ ಕೂರಿಸಿದ್ರು. ಪ್ರೋಟಾನ್ ಅನ್ನೋದು ಯಾವತ್ತಾದ್ರೂ ಒಡೆದು ಹೋಗುತ್ತಾ ಅಂತ ನೋಡೋಕೆ. ಆ ಕಬ್ಬಿಣದ ಪ್ಲೇಟುಗಳು ಕೇಜಲ್ಲಿ ಇಳಿದಿದ್ದು ದೊಡ್ಡಪ್ಪಂಗೆ ಚೆನ್ನಾಗಿ ನೆನಪಿದೆ. ಜಪಾನಿನ ಕಾಮಿಯೋಕಾ ಗಣಿಲಿ ಇದೇ ಪ್ರಶ್ನೆ ಇಟ್ಕೊಂಡು 3,000 ಟನ್ ನೀರಿನ ಡಿಟೆಕ್ಟರ್ ಬಂದಿದ್ದು 1983ರಲ್ಲಿ, ನಮಗಿಂತ ಮೂರು ವರ್ಷ ಆದ್ಮೇಲೆ. ಪ್ರೋಟಾನ್ ಅವರಿಗೂ ಒಡೀಲಿಲ್ಲ. ಆದ್ರೆ 1987ರ ಫೆಬ್ರವರಿ 23ಕ್ಕೆ ಒಂದು ನಕ್ಷತ್ರ ಸಿಡಿದ ಸುದ್ದಿ ಹೊತ್ತು ಬಂದ ಹನ್ನೊಂದು ನ್ಯೂಟ್ರಿನೋ ಅವರ ನೀರಲ್ಲಿ ಮಿಂಚಿದ್ವು, ಮಸತೋಶಿ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ಅದೇ ಗಣಿಲಿ 1996ಕ್ಕೆ ಸೂಪರ್ ಕಾಮಿಯೋಕಾಂಡೆ ಅಂತ ಇನ್ನೂ ದೊಡ್ಡದು ಶುರು ಮಾಡಿದ್ರು. ನಮ್ಮ ಗಣಿಲಿ ಮೊದಲು ಕಂಡಿದ್ದೀವಲ್ಲ, ಅದೇ ವಾತಾವರಣದ ನ್ಯೂಟ್ರಿನೋ, ಅದು ದಾರಿಲಿ ವೇಷ ಬದಲಾಯಿಸುತ್ತೆ, ಅಂದ್ರೆ ಅದಕ್ಕೆ ತೂಕ ಇದೆ ಅಂತ 1998ರಲ್ಲಿ ತೋರಿಸಿದ್ರು, ತಕಾಕಿ ಕಜಿತಾ ಅವರಿಗೆ 2015ರ ನೊಬೆಲ್.

ನಮ್ಮಲ್ಲಿ ಆ ಹೊತ್ತಿಗೆ ಗಣಿ ನಷ್ಟದಲ್ಲಿತ್ತು. ಆಳದ ಲೆವೆಲುಗಳನ್ನ ಒಂದೊಂದಾಗಿ ಬಿಡ್ತಾ ಬಂದ್ರು, 90ರ ದಶಕದ ಶುರುವಿಗೇ ಪ್ರಯೋಗ ನಿಂತೋಯ್ತು. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸ್ತಿದ್ದ ಸರ್ಕಾರಿ ಕಂಪನಿ ಬಿಜಿಎಂಎಲ್ ಪೂರ್ತಿ ಬಾಗಿಲು ಹಾಕ್ತು. ಪಂಪು ನಿಂತ್ವು, ನೀರು ತುಂಬಿತು. ದೊಡ್ಡಪ್ಪಂಗೆ ಆಗ ಐವತ್ನಾಲ್ಕು, ಮನೇಲಿ ಇಬ್ಬರು ಹೆಣ್ಮಕ್ಕಳ ಮದುವೆ ಬಾಕಿ.

ಕಾಮಿಯೋಕಾದಲ್ಲೂ ಅದಿರು ತೆಗೆಯೋದು ನಿಂತಿದ್ದು 2001ರಲ್ಲೇ. ಅದೇ ವರ್ಷ. ಆದ್ರೆ ಪ್ರಯೋಗ ನಿಲ್ಲಲಿಲ್ಲ, ಇವತ್ತಿಗೂ ನಡೀತಿದೆ.

ನ್ಯಾಯವಾಗಿ ಮಾತಾಡ್ಬೇಕು ಅಂದ್ರೆ ಎರಡೂ ಒಂದೇ ಅಲ್ಲ. ಕಾಮಿಯೋಕಾ ಬೆಟ್ಟದ ಹೊಟ್ಟೆಲಿರೋ ಗಣಿ, ಅಡ್ಡ ಸುರಂಗದಲ್ಲಿ ಗಾಡೀಲೇ ಒಳಗೆ ಹೋಗ್ಬಹುದು. ನಮ್ಮದು ಬಯಲಿಂದ ನೇರ ಕೆಳಕ್ಕೆ, ದಿನಾ ಪಂಪ್ ಮಾಡಿದ್ರೆ ಮಾತ್ರ ಇರೋದು, ಅದರ ಕರೆಂಟ್ ಬಿಲ್ಲೇ ತಲೆ ಮೇಲೆ ಬರುತ್ತೆ, ಜೊತೆಗೆ ರಾಕ್‌ಬರ್ಸ್ಟ್ ಭಯ. ಎಲ್ಲಾ ಲೆವೆಲ್ ಉಳಿಸ್ಕೊಳ್ಳಿ ಅಂತ ಯಾರೂ ಕೇಳೋಕಾಗಲ್ಲ. ನನ್ನ ಸಂಕಟ ಬೇರೆ. ಗಣಿ ಒಂದು ಇಲಾಖೆದು, ನ್ಯೂಟ್ರಿನೋ ಇನ್ನೊಂದು ಇಲಾಖೆದು. ಗಣಿ ಇಲಾಖೆ ಲೆಕ್ಕದ ಪುಸ್ತಕದಲ್ಲಿ ಇರೋದು ಚಿನ್ನದ ಕಾಲಂ ಒಂದೇ, ಟನ್ನಿಗೆ ಎಷ್ಟು ಗ್ರಾಂ, ಗ್ರಾಮಿಗೆ ಎಷ್ಟು ಖರ್ಚು. ಪ್ರಪಂಚದಲ್ಲೇ ಇಷ್ಟು ನಿಶ್ಶಬ್ದವಾದ ಜಾಗ ಒಂದು ನಮ್ಮ ಕೈಲಿದೆ ಅನ್ನೋದಕ್ಕೆ ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ಕಾಲಂ ಇಲ್ದಿದ್ದು ಮುಳುಗಿದ್ರೂ ನಷ್ಟ ಅಂತ ಯಾರೂ ಬರಿಯಲ್ಲ.

ಆಮೇಲೆ ಶುರುವಾಗಿದ್ದು ಐಎನ್‌ಓ ಕಥೆ, ಇಂಡಿಯಾ ಬೇಸ್ಡ್ ನ್ಯೂಟ್ರಿನೋ ಆಬ್ಸರ್ವೇಟರಿ. ಕೆಜಿಎಫ್ ಪರಂಪರೆ ಕಳ್ಕೋಬಾರ್ದು, ಹೊಸ ಜಾಗ ಹುಡುಕೋಣ ಅಂತ 2000ದ ದಶಕದ ಶುರುವಿಂದ ಹತ್ತಾರು ಸಂಸ್ಥೆಯವರು ಓಡಾಡಿದ್ರು. 50,000 ಟನ್ ಕಬ್ಬಿಣದ ಅಯಸ್ಕಾಂತ ಡಿಟೆಕ್ಟರು, ಕಟ್ಟಿದ್ರೆ ಪ್ರಪಂಚದಲ್ಲೇ ದೊಡ್ಡದು. ಮೊದಲು ನೋಡಿದ್ದು ನೀಲಗಿರಿಲಿ ಮಸಿನಗುಡಿ ಹತ್ರದ ಸಿಂಗಾರ. ಮುದುಮಲೈ ಹುಲಿ ಕಾಡಿನ ಪಕ್ಕ, ಆನೆ ದಾರಿ. 2009ರಲ್ಲಿ ಪರಿಸರ ಸಚಿವಾಲಯ ಬೇಡ ಅಂತು. ಸರಿಯಾಗೇ ಅಂತು ಅಂತ ನನ್ನ ಅಭಿಪ್ರಾಯ, ಆ ರೋಡಲ್ಲಿ ಓಡಾಡಿದೋರಿಗೆ ಗೊತ್ತು ಅದು ಎಂಥ ಕಾಡು ಅಂತ. ಆಮೇಲೆ ಥೇಣಿ ಜಿಲ್ಲೆ ಪೊಟ್ಟಿಪುರಂ ಹತ್ರ ಬೋಡಿ ಪಶ್ಚಿಮ ಬೆಟ್ಟ. 2015ರ ಜನವರಿಲಿ ಕೇಂದ್ರ ಕ್ಯಾಬಿನೆಟ್ ಸುಮಾರು 1,500 ಕೋಟಿ ಮಂಜೂರು ಮಾಡ್ತು. ದುಡ್ಡು ಬಂತಲ್ಲ, ಇನ್ನೇನು ಅಂತ ನಾವೆಲ್ಲ ಸ್ವೀಟ್ ಹಂಚಿದ್ವಿ, ನಾನು ಆಗ ಎಂಎಸ್ಸಿ ಮುಗಿಸಿದ ಹೊಸತು.

ಎರಡೇ ತಿಂಗಳಿಗೆ, ಮಾರ್ಚಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಹೇಳ್ತು, ರಾಜ್ಯದ ಮಾಲಿನ್ಯ ಮಂಡಳಿ ಒಪ್ಪಿಗೆ ಇಲ್ದೆ ಕೆಲಸ ಮಾಡೋ ಹಂಗಿಲ್ಲ ಅಂತ. 2017ರಲ್ಲಿ ಹಸಿರು ನ್ಯಾಯಮಂಡಳಿ 2011ರಲ್ಲಿ ಸಿಕ್ಕಿದ್ದ ಹಳೇ ಪರಿಸರ ಅನುಮತಿನೇ ತಡೆ ಹಿಡೀತು. ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ 5 ಕಿಲೋಮೀಟರ್ ಒಳಗೇ ಇದೆ, ಹಂಗಾಗಿ ಇದು ಬಿ ವರ್ಗ ಅಲ್ಲ, ಕೇಂದ್ರನೇ ಪರಿಶೀಲಿಸಬೇಕಾದ ಎ ವರ್ಗದ ಪ್ರಾಜೆಕ್ಟು, ಹೊಸದಾಗಿ ಅರ್ಜಿ ಹಾಕಿ. 2018ರ ಮಾರ್ಚಲ್ಲಿ ಕೇಂದ್ರ ವಿಶೇಷ ಪ್ರಕರಣ ಅಂತ ಮತ್ತೆ ಅನುಮತಿ ಕೊಡ್ತು. ಅದೇ ನವೆಂಬರಲ್ಲಿ ನ್ಯಾಯಮಂಡಳಿ ಅನುಮತಿ ಸರಿ, ಆದ್ರೆ ವನ್ಯಜೀವಿ ಮಂಡಳಿ ಒಪ್ಪಿಗೆನೂ ಬೇಕು ಅಂತು. 2022ರ ಫೆಬ್ರವರಿಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿಗೆ ಬರೆದುಕೊಡ್ತು, ಅದು ಮತಿಕೆಟ್ಟಾನ್‌ನಿಂದ ಪೆರಿಯಾರ್‌ಗೆ ಹೋಗೋ ಹುಲಿ ದಾರಿ, ನಾವು ಬಿಡಲ್ಲ ಅಂತ. ಅಲ್ಲಿಗೆ ಬೆಟ್ಟ ಬೆಟ್ಟವಾಗೇ ಉಳೀತು. ಮದುರೈಲಿ 85 ಟನ್ನಿನ ಮಾದರಿ ಡಿಟೆಕ್ಟರ್ ಒಂದು ನೆಲದ ಮೇಲೇ ನಿಂತ್ಕೊಂಡಿದೆ.

ಪೊಟ್ಟಿಪುರಂ ಜನರನ್ನ ಬೈಯೋರ ಜೊತೆ ನಾನು ಸೇರಲ್ಲ. ಬೆಟ್ಟಕ್ಕೆ ಡೈನಮೈಟ್ ಇಟ್ಟು ಸುಮಾರು 2 ಕಿಲೋಮೀಟರ್ ಸುರಂಗ ತೋಡ್ತೀವಿ ಅಂದ್ರೆ ಕೆಳಗೆ ಹೊಲ ಇರೋನು ನನ್ನ ಬಾವಿ ಗತಿ ಏನು ಅಂತ ಕೇಳೇ ಕೇಳ್ತಾನೆ, ಕೇಳ್ಬೇಕು. ನ್ಯೂಟ್ರಿನೋ ಅಂದ್ರೆ ಅಣುಬಾಂಬ್ ಥರದ್ದು, ವಿಕಿರಣ ಬರುತ್ತೆ ಅಂತ ಹಬ್ಬಿದ್ದು ಸುಳ್ಳು ಹೌದು, ಆದ್ರೆ ಆ ಸುಳ್ಳು ಹಬ್ಬೋಕೆ ಜಾಗ ಬಿಟ್ಟಿದ್ದು ಯಾರು? ಈ ಪ್ರಾಜೆಕ್ಟಿನ ಕಾಗದಗಳು ದಿಲ್ಲಿ, ಮುಂಬೈ, ಚೆನ್ನೈ ಮಧ್ಯೆ ಓಡಾಡಿದಷ್ಟು ಆ ಹಳ್ಳಿ ಅರಳಿಕಟ್ಟೆಗೆ ಬಂದಿದ್ರೆ ಅಂತ ಅನ್ಸುತ್ತೆ. ಎ ವರ್ಗನಾ ಬಿ ವರ್ಗನಾ ಅನ್ನೋ ಪ್ರಶ್ನೆ ಶುರುವಿನಲ್ಲೇ ಇತ್ಯರ್ಥ ಆಗ್ಬೇಕಿತ್ತು, ಅದು ಆರು ವರ್ಷ ಆದ್ಮೇಲೆ ಕೋರ್ಟಲ್ಲಿ ಬಯಲಾಯ್ತು. ಬೇಡ ಅನ್ನೋದಿದ್ರೆ 2011ರಲ್ಲೇ ಬೇಡ ಅಂದಿದ್ರೆ ಇನ್ನೊಂದು ಬೆಟ್ಟ ನೋಡಬಹುದಿತ್ತು. ಹೂಂ ಅನ್ನಲ್ಲ ಉಹೂಂ ಅನ್ನಲ್ಲ, ಇದೇ ಕೊಂದಿದ್ದು. ಐಎನ್‌ಓ ಹೆಸರಲ್ಲೇ ಪಿಎಚ್‌ಡಿಗೆ ಸೇರಿದ ಹುಡುಗ ಹುಡುಗೀರು ಕಟ್ಟದೇ ಇರೋ ಡಿಟೆಕ್ಟರಿನ ಸಿಮ್ಯುಲೇಶನ್ ಮೇಲೆ ಥೀಸಿಸ್ ಬರೆದು ಮುಗಿಸಿದ್ರು.

ಈಗ ಟ್ರೈನಲ್ಲಿ ನಂಗೆ ಹೊಟ್ಟೆ ಉರಿದಿದ್ದು ಯಾಕೆ ಅಂತ ಹೇಳ್ತೀನಿ. ಚೀನಾದವರು ಜೂನೋಗೆ ಗುದ್ದಲಿ ಪೂಜೆ ಮಾಡಿದ್ದು 2015ರ ಜನವರಿ. ನಮ್ಮ ಕ್ಯಾಬಿನೆಟ್ ಮಂಜೂರು ಮಾಡಿದ ಅದೇ ತಿಂಗಳು. ಎರಡೂ ಪ್ರಯೋಗ ಕೇಳೋಕೆ ಹೊರಟಿದ್ದು ಒಂದೇ ಪ್ರಶ್ನೆ, ಮೂರು ಥರದ ನ್ಯೂಟ್ರಿನೋ ತೂಕದ ಕ್ರಮ ಯಾವುದು ಅಂತ. ಅವರಿಗೂ ಸುಲಭ ಆಗ್ಲಿಲ್ಲ, ಗುಹೆಲಿ ನೀರು ಬಂತು, 2020ಕ್ಕೆ ಮುಗೀಬೇಕಿದ್ದು ಐದು ವರ್ಷ ತಡ ಆಯ್ತು, ಆದ್ರೂ ಮುಗಿಸಿದ್ರು. 2025ರ ನವೆಂಬರಲ್ಲಿ 59 ದಿನದ ಡೇಟಾ ಇಟ್ಕೊಂಡು ಮೊದಲ ರಿಸಲ್ಟೂ ಕೊಟ್ರು. ಅಲ್ಲಿನ ಆಡಳಿತದ ರೀತಿ ನಮಗೆ ಬೇಡ, ಹಳ್ಳಿಯವರ ಬಾಯಿ ಮುಚ್ಚಿಸಿ ಬರೋ ವಿಜ್ಞಾನ ನಂಗೆ ಬೇಡ. ಆದ್ರೆ ಜಪಾನು, ಕೆನಡಾ, ಇಟಲಿ ಎಲ್ಲಾ ಪ್ರಜಾಪ್ರಭುತ್ವನೇ ತಾನೇ, ಅಲ್ಲೆಲ್ಲ ನೆಲದಡಿ ಪ್ರಯೋಗಶಾಲೆ ದಶಕಗಟ್ಟಲೆ ನಡೀತಿಲ್ವಾ.

ನನ್ನ ಸ್ವಂತ ಅನುಭವನೂ ಹೇಳ್ಬೇಕು, ಇಲ್ಲಾಂದ್ರೆ ಇದೆಲ್ಲ ಪೇಪರ್ ಓದಿ ಬರೆದ ಹಾಗಾಗುತ್ತೆ. ಎಂಎಸ್ಸಿ ಆದ್ಮೇಲೆ ಮೂರೂವರೆ ವರ್ಷ ಒಂದು ಸರ್ಕಾರಿ ಲ್ಯಾಬಲ್ಲಿ ಪ್ರಾಜೆಕ್ಟ್ ಹುದ್ದೇಲಿದ್ದೆ. ನಮಗೆ ಒಂದು ವ್ಯಾಕ್ಯೂಮ್ ಪಂಪ್ ಬೇಕಿತ್ತು, ಇಂಥದ್ದೇ ಬೇಕು ಅನ್ನೋಕೆ ಕಾರಣ ಇತ್ತು, ನಮ್ಮ ಚೇಂಬರ್ರು ಇನ್ನೊಂದರಲ್ಲಿ ಕೆಲಸ ಮಾಡಲ್ಲ. ಇಂಡೆಂಟ್, ಅಂದ್ರೆ ಖರೀದಿ ಕೋರಿಕೆ ಹಾಕಿದ್ವಿ. ಸ್ಪೆಸಿಫಿಕೇಶನ್ ಒಂದೇ ಕಂಪನಿಗೆ ಹೊಂದೋ ಹಾಗಿದೆ, ಸಡಿಲ ಮಾಡಿ ಅಂತ ವಾಪಸ್ ಬಂತು. ಸಡಿಲ ಮಾಡಿದ್ವಿ. ಟೆಂಡರಿಗೆ ಒಬ್ಬನೇ ಬಂದ, ಒಂದೇ ಬಿಡ್ ಇದ್ರೆ ಆಗಲ್ಲ ರೀಟೆಂಡರ್ ಮಾಡಿ ಅಂದ್ರು. ಎರಡನೇ ಸಲ ಮೂರು ಜನ ಬಂದ್ರು, ಎಲ್‌1 ಅಂದ್ರೆ ಎಲ್ಲರಿಗಿಂತ ಕಮ್ಮಿ ರೇಟಿನೋನು ಕೊಟ್ಟಿದ್ದು ನಮಗೆ ಉಪಯೋಗ ಇಲ್ಲದ್ದು, ಅದು ಬೇಡ ಅನ್ನೋಕೆ ಕಮಿಟಿ, ಕಮಿಟಿ ಮೆಂಬರೊಬ್ಬರು ಊರಲ್ಲಿಲ್ಲ, ಅಷ್ಟರಲ್ಲಿ ಮಾರ್ಚ್ 31 ಬಂತು, ಆ ವರ್ಷದ ದುಡ್ಡು ಲ್ಯಾಪ್ಸ್. ಮತ್ತೆ ಏಪ್ರಿಲಿಂದ ಇಂಡೆಂಟ್. ಪಂಪ್ ಬಂದಿದ್ದು ಹದಿನಾಲ್ಕು ತಿಂಗಳಿಗೆ. ನಮ್ಮ ಜೊತೆ ಇದ್ದ ಒಬ್ಬ ಹುಡುಗ, ಕೈ ಎಷ್ಟು ಚೆನ್ನಾಗಿತ್ತು ಅವನದ್ದು ಅಂದ್ರೆ ಸೋರ್ತಿರೋ ಜಾಯಿಂಟ್ ಶಬ್ದದಲ್ಲೇ ಹಿಡೀತಿದ್ದ, ಅವನು ಕಾದು ಕಾದು ಬಿಟ್ಟು ಹೋದ. ಈಗ ಒಂದು ಬ್ಯಾಂಕಿನ ಸಾಫ್ಟ್‌ವೇರ್ ನೋಡ್ಕೋತಾನೆ. ವರ್ಷ ಆದ್ಮೇಲೆ ನಾನೂ ಬಿಟ್ಟೆ.

ಒಂದಿನ ಪರ್ಚೇಸ್ ಸೆಕ್ಷನ್ ಆಫೀಸರ್ ಹತ್ರ ಹೋಗಿ ಜಗಳನೇ ಆಡಿದ್ದೆ. ರಿಟೈರ್ ಆಗೋಕೆ ಎರಡು ವರ್ಷ ಇದ್ದೋರು, ಕೂರಿಸಿ ಕಾಫಿ ತರಿಸಿ ಹೇಳಿದ್ರು. "ನೋಡಮ್ಮ, ನಿಂಗೆ ಪಂಪ್ ಲೇಟಾಗಿ ಸಿಕ್ರೆ ನನ್ನ ಯಾರೂ ಕೇಳಲ್ಲ. ಬೇಗ ಕೊಡಿಸೋಕೆ ಹೋಗಿ ಒಂದು ರೂಲ್ ತಪ್ಪಿದ್ರೆ ಆಡಿಟ್ ಪ್ಯಾರಾ, ಅಂದ್ರೆ ಲೆಕ್ಕ ತಪಾಸಣೆಯವರ ಆಕ್ಷೇಪಣೆ ಬರುತ್ತೆ, ನನ್ನ ಪೆನ್ಷನ್ ನಿಲ್ಲುತ್ತೆ." ಅವರು ಕೆಟ್ಟೋರಲ್ಲ, ಕಮಿಷನ್ ಹೊಡೆಯೋರಲ್ಲ. ಅವರು ಹೇಳಿದ್ದು ನಿಜ. ರೂಲುಗಳೂ ಸುಮ್ನೆ ಹುಟ್ಟಿಲ್ಲ, ಸಾರ್ವಜನಿಕರ ದುಡ್ಡನ್ನ ಹಿಂದೆ ಯಾರ್ಯಾರೋ ನುಂಗಿದ್ರು ಅಂತ ಹುಟ್ಟಿದ್ದು. ಆದ್ರೆ ಆ ರೂಲು ಕುರ್ಚಿ ಕೊಳ್ಳೋಕೆ ಮಾಡಿದ್ದು. ಕುರ್ಚಿ ಹತ್ತು ಜನ ಮಾರ್ತಾರೆ, ಕಮ್ಮಿ ರೇಟಿನೋನ ಹತ್ರ ತಗೊಳ್ಳೋದು ಸರಿ. ಪ್ರಪಂಚದಲ್ಲಿ ಇಬ್ಬರೋ ಮೂವರೋ ಮಾಡೋ ಉಪಕರಣಕ್ಕೂ ಅದೇ ರೂಲು ಹಾಕಿದ್ರೆ ಹೆಂಗೆ. ತಡ ಆದ್ರೆ ಆಗೋ ನಷ್ಟಕ್ಕೆ ಇಲ್ಲೂ ಕಾಲಂ ಇಲ್ಲ, ಗಣಿ ಪುಸ್ತಕದಲ್ಲಿ ಇಲ್ದಿದ್ದ ಹಾಗೆ.

ಆಮೇಲೆ ಇದು ಇನ್ನೂ ಬಿಗಿ ಆಯ್ತು. ಸರ್ಕಾರದ ಆನ್‌ಲೈನ್ ಖರೀದಿ ತಾಣ ಜೆಮ್ ಪೋರ್ಟಲಲ್ಲೇ ತಗೋಬೇಕು ಅಂತ ಬಂತು. 2020ರಲ್ಲಿ 200 ಕೋಟಿವರೆಗೆ ಗ್ಲೋಬಲ್ ಟೆಂಡರ್ ಕರೆಯೋ ಹಂಗಿಲ್ಲ ಅಂತ ಬಂತು, ದೇಶದ ಉದ್ಯಮಕ್ಕೆ ಒಳ್ಳೇದಾಗ್ಲಿ ಅಂತ ಮಾಡಿದ್ದು, ಆದ್ರೆ ಲ್ಯಾಬಿಗೆ ಬೇಕಾಗೋದು ಎಷ್ಟೋ ಇಲ್ಲಿ ತಯಾರೇ ಆಗಲ್ಲ. 2022ರ ಜುಲೈಲಿ ಸಂಶೋಧನಾ ಸಂಸ್ಥೆಗಳಿಗಿದ್ದ 5 ಪರ್ಸೆಂಟ್ ಜಿಎಸ್‌ಟಿ ರಿಯಾಯಿತಿ ಹೋಯ್ತು, ಬಹಳಷ್ಟು ಉಪಕರಣಕ್ಕೆ 18 ಆಯ್ತು, ಒಂದು ಕೈಲಿ ಗ್ರಾಂಟ್ ಕೊಟ್ಟು ಇನ್ನೊಂದು ಕೈಲಿ ಅದರಲ್ಲೇ ಒಂದಿಷ್ಟು ವಾಪಸ್. ವಿಜ್ಞಾನಿಗಳು ವರ್ಷಗಟ್ಟಲೆ ಗೋಗರೆದ ಮೇಲೆ 2025ರ ಜೂನಲ್ಲಿ ಹಣಕಾಸು ಇಲಾಖೆ ಸ್ವಲ್ಪ ಸಡಿಲ ಮಾಡಿದೆ. ಬೇಕಾದ್ರೆ ಜೆಮ್ ಬಿಟ್ಟು ಹೊರಗೆ ತಗೋಬಹುದು, ಕೊಟೇಶನ್ ಇಲ್ದೆ ನೇರ ಖರೀದಿ 1 ಲಕ್ಷದಿಂದ 2 ಲಕ್ಷಕ್ಕೆ, ಕಮಿಟಿ ಮೂಲಕ 25 ಲಕ್ಷದವರೆಗೆ, 200 ಕೋಟಿವರೆಗಿನ ಗ್ಲೋಬಲ್ ಟೆಂಡರಿಗೆ ಸಂಸ್ಥೆಯ ಡೈರೆಕ್ಟರೇ ಒಪ್ಪಿಗೆ ಕೊಡಬಹುದು. ಇದನ್ನ ಓದಿದ ದಿನ ಹಳೇ ಲ್ಯಾಬ್ ಗ್ರೂಪಲ್ಲಿ ಎಲ್ಲರೂ ಮೆಸೇಜ್ ಹಾಕಿದ್ವಿ, ಆ ಪಂಪ್ ಹುಡುಗನೂ ಒಂದು ನಮಸ್ಕಾರದ ಇಮೋಜಿ ಹಾಕಿದ. ಒಳ್ಳೇ ಕೆಲಸ, ಮನಸಾರೆ ಹೇಳ್ತೀನಿ.

ಇದೇ ದೇಶದಲ್ಲಿ, ಇದೇ ಸರ್ಕಾರಿ ದುಡ್ಡಲ್ಲಿ, ಬೇರೆ ಥರನೂ ಆಗಿದೆ ಅನ್ನೋದು ಮರೀಬಾರ್ದು. 1971ರ ಡಿಸೆಂಬರಲ್ಲಿ ವಿಕ್ರಂ ಸಾರಾಭಾಯಿ ತೀರಿಕೊಂಡ ಮೇಲೆ ಇಸ್ರೋ ವಹಿಸ್ಕೊಳ್ಳಿ ಅಂತ ಇಂದಿರಾ ಗಾಂಧಿ ಸತೀಶ್ ಧವನ್ ಅವರನ್ನ ಕೇಳಿದಾಗ ಅವರು ಷರತ್ತು ಹಾಕಿದ್ರು. ಹೆಡ್ ಆಫೀಸ್ ಬೆಂಗಳೂರಲ್ಲೇ ಇರ್ಬೇಕು, ಐಐಎಸ್‌ಸಿ ಡೈರೆಕ್ಟರ್ ಕೆಲಸನೂ ಬಿಡಲ್ಲ ಅಂತ. ಒಪ್ಪಿದ್ರು. 1972ರಲ್ಲಿ ಸ್ಪೇಸ್ ಕಮಿಷನ್, ಬಾಹ್ಯಾಕಾಶ ಇಲಾಖೆ ಎರಡೂ ಹುಟ್ಟಿದ್ವು, ಇಲಾಖೆ ಸೆಕ್ರೆಟರಿನೇ ಇಸ್ರೋ ಅಧ್ಯಕ್ಷ, ರಾಕೆಟ್ ಕಟ್ಟೋನೇ ಫೈಲಿಗೂ ಸೈನ್ ಹಾಕೋನು. ಕೇಂದ್ರ ಸರ್ಕಾರದ ಒಂದು ಇಲಾಖೆ ದಿಲ್ಲಿ ಬಿಟ್ಟು ನಮ್ಮೂರಲ್ಲಿ ಕೂತಿದೆ, ಇವತ್ತಿಗೂ. ಪೀಣ್ಯದ ಇಂಡಸ್ಟ್ರಿಯಲ್ ಶೆಡ್ಡುಗಳಲ್ಲಿ ಉಡುಪಿ ಹತ್ರ ಅದಮಾರಿನ ಯು.ಆರ್. ರಾವ್ ಅವರು ಹುಡುಗ್ರನ್ನ ಕಟ್ಕೊಂಡು ಆರ್ಯಭಟ ಮಾಡಿದ್ರು, 1975ರ ಏಪ್ರಿಲ್ 19ಕ್ಕೆ ಅದು ಮೇಲೆ ಹೋಯ್ತು. ಐದು ದಿನಕ್ಕೆ ಅದರ ಕರೆಂಟ್ ವ್ಯವಸ್ಥೆ ಕೈ ಕೊಟ್ಟು ಪ್ರಯೋಗಗಳು ನಿಂತೋದ್ವು. ಈಗಿನ ಆಡಿಟ್ ಕಣ್ಣಲ್ಲಿ ನೋಡಿದ್ರೆ ಅದೊಂದು ಪ್ಯಾರಾ. ಆಗ ಅದನ್ನ ಯಾರೂ ದಂಡ ಅನ್ನಲಿಲ್ಲ, ಮುಂದಿನದಕ್ಕೆ ದುಡ್ಡು ಕೊಟ್ರು. 2023ರ ಆಗಸ್ಟ್ 23ಕ್ಕೆ ವಿಕ್ರಂ ಲ್ಯಾಂಡರ್ ಚಂದ್ರನ ಮೇಲೆ ಇಳಿದಾಗ ನಾನು ಆಫೀಸ್ ಕ್ಯಾಂಟೀನಲ್ಲಿ ಅತ್ತಿದ್ದೀನಿ. ಬಾಹ್ಯಾಕಾಶಕ್ಕೆ ಹಿಂಗೆ ಆಯ್ತು, ನೆಲದಡಿ ಹುಡುಕಾಟಕ್ಕೆ ಒಬ್ಬ ಧವನ್ ಸಿಗ್ಲಿಲ್ಲ, ಅಥವಾ ಸಿಕ್ಕಿದೋರ ಷರತ್ತು ಕೇಳೋ ಪ್ರಧಾನಿ ಸಿಗ್ಲಿಲ್ಲ.

ಐಎನ್‌ಓ ಇನ್ನೊಂದು ಬೆಟ್ಟ ಹುಡುಕ್ಲಿ ಅಂತ ನಂಗೆ ತುಂಬಾ ಆಸೆ ಇದೆ. ಕಾಡಿನ ಹುಲಿ ದಾರಿ ಬಿಟ್ಟು, ಶುರುವಿನಲ್ಲೇ ಊರೋರನ್ನ ಕೂರಿಸ್ಕೊಂಡು, ಅವರ ಭಾಷೇಲಿ ಎಲ್ಲಾ ಹೇಳಿ, ಬೇಡ ಅಂದ್ರೆ ಆರೇ ತಿಂಗಳಲ್ಲಿ ಬೇಡ ಅಂತ ಬರೆದುಕೊಟ್ಟು. ಪ್ರಾಜೆಕ್ಟಿಗೆ ಒಬ್ಬರೇ ಮುಖ್ಯಸ್ಥರು ಇರ್ಲಿ, ಎಲ್ಲಾ ಅನುಮತಿಗೂ ಅವರೇ ಓಡಾಡ್ಲಿ, ತಡ ಮಾಡಿದ ಕಚೇರಿ ಯಾಕೆ ತಡ ಆಯ್ತು ಅಂತ ಬರಿಯೋ ಹಾಗಾಗ್ಲಿ.

ಅವತ್ತು ಚಾಂಪಿಯನ್‌ನಲ್ಲಿ ಇಳಿದು ದೊಡ್ಡಪ್ಪನ ಮನೆಗೆ ಹೋಗಿ ಊಟ ಆದ್ಮೇಲೆ ಜೂನೋ ಫೋಟೋ ತೋರಿಸ್ದೆ. ಕನ್ನಡಕ ಹಾಕ್ಕೊಂಡು, ಫೋನ್ ಕಣ್ಣ ಹತ್ರ ಹಿಡ್ಕೊಂಡು ತುಂಬಾ ಹೊತ್ತು ನೋಡಿದ್ರು. ಗೋಳದ ಸುತ್ತ ಕೂರಿಸಿರೋ ಟ್ಯೂಬುಗಳನ್ನ ದೊಡ್ಡದು ಮಾಡಿ ನೋಡಿದ್ರು. ವೈರಿಂಗ್ ಚೆನ್ನಾಗಿ ಮಾಡಿದಾರೆ ಅಂದ್ರು. ಆಮೇಲೆ ಕೇಳಿದ್ರು, "ಎಷ್ಟು ಆಳ ಇದೆಯಂತಮ್ಮ ಇದು?"

"ಏಳ್ನೂರು ಮೀಟರು ದೊಡ್ಡಪ್ಪ."

"ಅಷ್ಟೇನಾ," ಅಂದ್ರು. ಫೋನ್ ವಾಪಸ್ ಕೊಟ್ಟು, ಬಾಗಿಲಾಚೆ ಶಾಫ್ಟ್ ಇದ್ದ ದಿಕ್ಕಿಗೆ ಕೈ ತೋರಿಸಿ, "ನಮ್ಮ ಬಾಂಬೆಯವರ ರೂಮು ಇದರ ಮೂರರಷ್ಟು ಕೆಳಗಿತ್ತು ಕಣಮ್ಮ," ಅಂದ್ರು.